ಯಾವ ಕಾರ್ಡ್ ಕೆಟ್ಟಿದೆ?

ಕಚೇರಿಯಲ್ಲಿ ಒಂದೇ ಒಂದು ಎಕ್ಸ್‌ಟೆನ್ಷನ್ ಡೆಡ್ ಆಗಿದ್ದರೆ ಮೊದಲು ಅದರ ವೈರನ್ನೋ ಫೋನನ್ನೋ ನೋಡಬೇಕು. ಸಾಲಾಗಿ ಎಂಟು ಪೋರ್ಟ್‌ಗಳು ಒಟ್ಟಿಗೆ ಸತ್ತಿದ್ದರೆ ಅನುಮಾನ ಲೈನ್ ಕಾರ್ಡಿನ ಮೇಲೆ. ಇಡೀ ಕಚೇರಿಗೇ ಡಯಲ್ ಟೋನ್ ಇಲ್ಲವೆಂದರೆ ಪವರ್ ಸಪ್ಲೈ, ಇಲ್ಲವೇ ಪ್ರೊಸೆಸರ್. ದೆಹಲಿಯ ನೆಹರೂ ಪ್ಲೇಸಿನಲ್ಲಾಗಲಿ ಪಕ್ಕದ ನೋಯ್ಡಾದಲ್ಲಾಗಲಿ, ಇಪಿಎಬಿಎಕ್ಸ್ (ಕಚೇರಿಯ ಒಳ ಎಕ್ಸ್‌ಚೇಂಜ್) ರಿಪೇರಿಗೆ ಬಂದವರ ತಲೆಯಲ್ಲಿ ಓಡುವ ಲೆಕ್ಕ ಹೆಚ್ಚುಕಡಿಮೆ ಇದೇ. ಅನುಭವದಿಂದ ಬಂದ ಜಾಣತನದಂತೆ ಇದು ಕಾಣುತ್ತದೆ. ನನ್ನ ವಾದ ಬೇರೆ: ದೋಷ ಹುಡುಕುವ ಈ ದಾರಿಯನ್ನು ಯಂತ್ರದ ನಕ್ಷೆ ಬರೆಯುವಾಗಲೇ ಅದರೊಳಗೆ ಇಡಲಾಗಿತ್ತು, ಆ ಕಥೆಯ ಭಾರತೀಯ ಅಧ್ಯಾಯದ ಬಹುಭಾಗ ನಡೆದದ್ದು ದೆಹಲಿಯಲ್ಲಿ.

ಹಳೆಯ ಯಂತ್ರಗಳಿಗೆ ಇಂಥ ದಾರಿ ಬೇಕಿರಲಿಲ್ಲ. ದೇಶದ ಮೊದಲ ಸ್ವಯಂಚಾಲಿತ ಎಕ್ಸ್‌ಚೇಂಜ್ 1913-14ರಲ್ಲಿ ಶಿಮ್ಲಾದಲ್ಲಿ ಬಂತು. ಅಂಥ ಯಂತ್ರದಲ್ಲಿ ಕರೆಯೊಂದು ಸಾಗುವುದು ಕಣ್ಣಿಗೇ ಕಾಣುತ್ತಿತ್ತು, ಕಿವಿಗೂ ಕೇಳುತ್ತಿತ್ತು. ಮಸಿ ಹಿಡಿದ ಕಾಂಟ್ಯಾಕ್ಟ್ ಒರೆಸಿ ಸ್ಪ್ರಿಂಗ್ ಸರಿಪಡಿಸಿದರೆ ಅರ್ಧ ಕೆಲಸ ಮುಗಿದಂತೆ. ಬೆಂಗಳೂರಿನ ಸರ್ಕಾರಿ ದೂರವಾಣಿ ಕಾರ್ಖಾನೆ ಐಟಿಐ ಅರವತ್ತರ ದಶಕದಲ್ಲಿ ತಯಾರಿಸತೊಡಗಿದ ಪೆಂಟಕಾಂಟಾ ಕ್ರಾಸ್‌ಬಾರ್ ಎಕ್ಸ್‌ಚೇಂಜ್ ಬಂದಾಗ ತೊಡಕು ಶುರುವಾಯಿತು. ಫೋನುಗಳು ಕಡಿಮೆ, ಬಳಸುವವರು ಹೆಚ್ಚು. ಒಂದೊಂದು ಲೈನಿನ ಮೇಲೂ ವಿನ್ಯಾಸಕಾರರು ಊಹಿಸಿದ್ದಕ್ಕಿಂತ ಹೆಚ್ಚು ಕರೆಗಳು ಬೀಳುತ್ತಿದ್ದವು. ಕ್ರಾಸ್‌ಬಾರಿನಲ್ಲಿ ನಿಯಂತ್ರಣ ಸಾಮಾನ್ಯ ಘಟಕಗಳ ಕೈಯಲ್ಲಿದ್ದುದರಿಂದ ಒಂದು ಕಡೆಯ ದೋಷ ನೂರಾರು ಕರೆಗಳಲ್ಲಿ ಚೂರುಚೂರಾಗಿ ಹೊರಬೀಳುತ್ತಿತ್ತು. ಎಲೆಕ್ಟ್ರಾನಿಕ್ ಸ್ವಿಚ್ ಬಂದ ಮೇಲಂತೂ ನೋಡಲು, ಕೇಳಲು ಏನೂ ಉಳಿಯಲಿಲ್ಲ. ಎಲ್ಲಿ ಕೆಟ್ಟಿದೆ ಎಂಬುದನ್ನು ಯಂತ್ರವೇ ಹೇಳಬೇಕಾಯಿತು.

1984ರ ಆಗಸ್ಟ್‌ನಲ್ಲಿ ಇಂಥ ಸ್ವಿಚ್ಚುಗಳನ್ನು ಇಲ್ಲೇ ರೂಪಿಸಲು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಸ್ಥಾಪನೆಯಾದಾಗ ಕೊಟ್ಟ ಗಡುವು 36 ತಿಂಗಳು, ಹಣ 36 ಕೋಟಿ ರೂಪಾಯಿ. ಎಂಜಿನಿಯರುಗಳು ದೆಹಲಿಯ ಚಾಣಕ್ಯಪುರಿಯ ಅಕ್ಬರ್ ಭವನದಲ್ಲೂ ಬೆಂಗಳೂರಿನಲ್ಲೂ ಕುಳಿತರು. ಗ್ರಾಹಕರ ಕಡೆಯ ದೂರವಾಣಿ ಸಾಮಗ್ರಿಯ ತಯಾರಿಕೆ ಖಾಸಗಿಯವರಿಗೆ ತೆರೆದದ್ದೂ 1984ರಲ್ಲೇ. ಹೀಗಾಗಿ ಸಿ-ಡಾಟ್ ರೂಪಿಸಿದ 128 ಪೋರ್ಟಿನ ಕಚೇರಿ ಇಪಿಎಬಿಎಕ್ಸ್‌ಗೆ ತಯಾರಕರು ಸಿಕ್ಕರು. ಅದರ ಹಳ್ಳಿಯ ಸೋದರ, 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ರ‍್ಯಾಕ್ಸ್, 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕೆಲಸಕ್ಕೆ ನಿಂತಿತು. ಹವಾನಿಯಂತ್ರಣ ಬೇಡ, ದೂಳಿಗೆ ಜಗ್ಗಬಾರದು ಎಂಬ ಷರತ್ತುಗಳನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಯಂತ್ರದ ಮುಂದೆ ನಿಲ್ಲುವ ವ್ಯಕ್ತಿ ಯಾರು ಎಂಬ ಪ್ರಶ್ನೆ. ಆತ ಎಂಜಿನಿಯರ್ ಆಗಿರುವುದಿಲ್ಲ. ಕೈಯಲ್ಲಿ ಇರುವುದು ಒಂದಿಷ್ಟು ಬಿಡಿ ಕಾರ್ಡುಗಳಷ್ಟೇ. ಆದ್ದರಿಂದ ಲೈನುಗಳನ್ನು ಎಂಟೆಂಟಾಗಿ ಕಾರ್ಡುಗಳಿಗೆ ಹಂಚಿದರು. ಅದೇ ವಂಶದ ಮುಂದಿನ 256 ಪೋರ್ಟಿನ ರ‍್ಯಾಕ್ಸ್‌ನಲ್ಲಿ ಲೈನುಗಳನ್ನು ಪರೀಕ್ಷಿಸುವುದಕ್ಕೆಂದೇ ಒಂದು ಕಾರ್ಡ್ ಬಂತು, ಮುಖ್ಯ ಪ್ರೊಸೆಸರ್ ಕಾರ್ಡಿಗೆ ಜೋಡಿ ಕಾರ್ಡ್ ಬಂತು. ದೋಷದ ವಿಳಾಸ ಟ್ರಾನ್ಸಿಸ್ಟರಿನ ತನಕ ಗೊತ್ತಾಗಬೇಕಿಲ್ಲ, ಸ್ಲಾಟಿನ ತನಕ ಗೊತ್ತಾದರೆ ಸಾಕು.

ಇದರಲ್ಲಿ ಹೊಸತೇನು, 1965ರಲ್ಲೇ ನ್ಯೂಜೆರ್ಸಿಯ ಸಕಸನ್ನಾದಲ್ಲಿ ಶುರುವಾದ ಬೆಲ್ ಕಂಪನಿಯ ಸ್ವಿಚ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿರಲಿಲ್ಲವೇ ಎಂದು ಕೇಳಬಹುದು. ನಿಜ. ಅದು ಅಚ್ಚು ಹಾಕಿ ಕೊಟ್ಟ ಅಂಕಿಗಳನ್ನು ದೋಷಕೋಶದಲ್ಲಿ ಹುಡುಕಿ ಕಾರ್ಡ್ ಪತ್ತೆ ಮಾಡುತ್ತಿದ್ದರು. ಆದರೆ ಅಲ್ಲಿ ಕೋಶ ತೆರೆಯುತ್ತಿದ್ದವರು ಕಂಪನಿಯೇ ತರಬೇತಿ ಕೊಟ್ಟು ಇಟ್ಟುಕೊಂಡ ಸಿಬ್ಬಂದಿ. ಕನ್ನಾಟ್ ಪ್ಲೇಸಿನ ವ್ಯಾಪಾರಿಗೆ ಅಂಥ ಸಿಬ್ಬಂದಿ ಎಲ್ಲಿಂದ ಬರಬೇಕು? ಗಾಜಿಯಾಬಾದಿನ ಸರ್ಕಾರಿ ತರಬೇತಿ ಕೇಂದ್ರ ಇಲಾಖೆಯವರಿಗೆ ಕಲಿಸುತ್ತಿತ್ತು, ಖಾಸಗಿ ಕಚೇರಿಯ ಆಪರೇಟರಿಗಲ್ಲ. ವಿಧಾನ ಎರವಲಿನದಿರಬಹುದು, ಅದನ್ನು ಇಷ್ಟು ಕೆಳಗಿನವರೆಗೆ ಇಳಿಸಿದ್ದು ಇಲ್ಲಿನ ಕೆಲಸ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಾರ್ಡ್ ಬದಲಿಸುವುದು ದೋಷ ಪತ್ತೆಯೇ ಅಲ್ಲ, ಬರೀ ಅದಲುಬದಲು. ಇದನ್ನು ಪೂರ್ತಿ ತಳ್ಳಿಹಾಕಲಾರೆ. ಕಿತ್ತು ಮತ್ತೆ ಕೂರಿಸಿದೊಡನೆ ಎಷ್ಟೋ ಕಾರ್ಡುಗಳು ಜೀವ ಪಡೆಯುತ್ತವೆ. ಕೆಟ್ಟಿದ್ದು ಕಾರ್ಡ್ ಅಲ್ಲ, ಕಿಲುಬು ಹಿಡಿದ ಅಂಚಿನ ಸಂಪರ್ಕ. ದೆಹಲಿಯ ಹವೆಯೂ ಸ್ಲಾಟಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಮೇ-ಜೂನ್‌ನ ಆಂಧಿ ಬಿರುಗಾಳಿ ದೂಳು ತುಂಬುತ್ತದೆ, ಮಳೆ ಶುರುವಾದರೆ ಹೊರಗಿನ ವೈರುಗಳು ಬಂದು ಸೇರುವ ಎಂಡಿಎಫ್‌ನಲ್ಲಿ ತೇವ ಕೂರುತ್ತದೆ, ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ. ಆಮೇಲೆ ಸಿಡಿಲು ಬಡಿದರೆ ಕಾರ್ಡ್ ಸುಡುತ್ತದೆ. ಹಾಗಾಗಿ ಬಲ್ಲವರು ಕಾರ್ಡಿಗೆ ಕೈಹಾಕುವ ಮೊದಲು ಮೀಟರ್ ಹಿಡಿದು ಬ್ಯಾಟರಿಯ 48 ವೋಲ್ಟ್ ನೋಡುತ್ತಾರೆ, ಎಂಡಿಎಫ್‌ನಲ್ಲಿ ಹೊರಗಿನ ವೈರ್ ಬಿಡಿಸಿ ಪೋರ್ಟಿಗೇ ನೇರ ಫೋನ್ ಹಚ್ಚಿ ಟೋನ್ ಕೇಳುತ್ತಾರೆ. ಟೋನ್ ಬಂದರೆ ಸ್ವಿಚ್ ನಿರ್ದೋಷಿ. ಈ ಹೆಜ್ಜೆ ಬಿಟ್ಟವರು ಕಳಿಸಿದ ಕಾರ್ಡ್ ರಿಪೇರಿ ಕೇಂದ್ರದಲ್ಲಿ ಯಾವ ದೋಷವನ್ನೂ ತೋರಿಸದೆ ವಾಪಸ್ಸಾಗುತ್ತದೆ. ಅರ್ಥಿಂಗ್ ಗುಂಡಿಗೆ ಒಂದೆರಡು ಕೊಡ ನೀರು ಹಾಕುವವರಿಲ್ಲದೆ ಅದೇ ಸ್ಲಾಟಿನಲ್ಲಿ ಕೂತ ಹೊಸ ಕಾರ್ಡೂ ಮುಂದಿನ ಗುಡುಗು-ಮಳೆಗೆ ಸುಡುತ್ತದೆ. ಇದಕ್ಕೆ ವಿನ್ಯಾಸವನ್ನು ದೂರಲು ನಾನು ಸಿದ್ಧನಿಲ್ಲ: ಅದು ಉತ್ತರ ಕೊಡುತ್ತೇನೆಂದದ್ದು ಪೆಟ್ಟಿಗೆಯ ಒಳಗಿನದಕ್ಕೆ ಮಾತ್ರ.