ಚಿಂಕಾರದ ಕಣ್ಣಿಗೆ ಬೆಳಗಾಗುವುದು ಯಾವಾಗ?

ಹುನಗುಂದದ ಎರೆ ಹೊಲಗಳಲ್ಲಿ ಬಿಳಿಜೋಳ ಹಾಲುಗಾಳಾಗಿ ಸೀತನಿಗೆ ಬರುವ ದಿನಗಳಲ್ಲಿ ಅಟ್ಟಣಿಗೆ ಏರಿ ಬೆಳೆ ಕಾಯುವವರ ಮೊದಲ ಪಾಠ ಒಂದೇ: ಹಕ್ಕಿಗಿಂತ ಮೊದಲು ನೀನು ಮೇಲಿರಬೇಕು. ಹಕ್ಕಿ ತೆನೆಯ ಮೇಲೆ ಕೂತಾದ ಮೇಲೆ ಕವಣೆ ಬೀಸಿದರೆ ಅದು ಪಕ್ಕದ ಸಾಲಿಗೆ ಹಾರುತ್ತದೆ, ಅಷ್ಟೆ. ಹಿಂದೆ ಬೇಟೆಗೆ ಹೊಂಚು ಕೂರುತ್ತಿದ್ದವರೂ ಇದೇ ಲೆಕ್ಕ ಹಾಕುತ್ತಿದ್ದರು. ಆ ಬೇಟೆ ಕಾನೂನಿನ ಪ್ರಕಾರ ಮುಗಿದುಹೋಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿಂಕಾರವಿದೆ. ಕೊಂದವರಿಗೆ ಕನಿಷ್ಠ 3 ವರ್ಷ ಜೈಲು. ಈಗ ನಸುಕಿನಲ್ಲಿ ಹೊಂಚು ಕೂರುವವರು ಕ್ಯಾಮೆರಾದವರು, ಗಣತಿಗೆ ಬಂದವರು, ಅರಣ್ಯ ಇಲಾಖೆಯ ಕಾವಲಿನವರು. ಎಷ್ಟು ಹೊತ್ತಿಗೆ ಹೋಗಿ ಕೂರಬೇಕು ಎಂದು ಇವರನ್ನು ಕೇಳಿ ನೋಡಿ. ಹೆಚ್ಚಿನವರು ‘ಹೊತ್ತು ಮೂಡೋಕೆ ಅರ್ಧ ಗಂಟೆ ಮೊದಲು’ ಎನ್ನುತ್ತಾರೆ. ಬಾಗಲಕೋಟೆಯ ಮಟ್ಟಿಗೆ ಈ ಉತ್ತರ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಆ ಪ್ರಾಣಿಯ ಹೊಟ್ಟೆ, ಕಣ್ಣು, ಮೂಗುಗಳನ್ನು ಒಂದೊಂದಾಗಿ ನೋಡಬೇಕು.

ಚಿಂಕಾರ ನಮ್ಮಲ್ಲಿ ಅಪರೂಪ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿಯ ಕುರುಚಲು ಗುಡ್ಡಗಳು, ಸುಮಾರು 96 ಚದರ ಕಿಲೋಮೀಟರು, ಈ ಪ್ರಾಣಿಗಾಗಿಯೇ ಧಾಮವಾದವು. ಆಮೇಲೆ 2019ರಲ್ಲಿ ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣವೂ ಆ ಸಾಲಿಗೆ ಸೇರಿತು. ಹುಲ್ಲೆಗಳಲ್ಲಿ ಇದು ಚಿಕ್ಕದು: ಭುಜದ ತನಕ ಎತ್ತರ ಸುಮಾರು 65 ಸೆಂಟಿಮೀಟರು, ತೂಕ ಇಪ್ಪತ್ತು ಕಿಲೋ ಆಸುಪಾಸು. ಚಿಗರಿಯ ಹಾಗೆ ದೊಡ್ಡ ಹಿಂಡು ಕಟ್ಟಿಕೊಂಡು ಬಯಲಲ್ಲಿ ಮೆರೆಯುವ ಪೈಕಿ ಅಲ್ಲ. ಒಂಟಿಯಾಗಿ, ಇಲ್ಲವೇ ಎರಡು ಮೂರು ಸೇರಿ ಕುರುಚಲಿನ ಅಂಚಿನಲ್ಲಿ ಇರುತ್ತದೆ. ಗಂಡು ತನ್ನ ಸೀಮೆಯ ಗುರುತಿಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಹೊಂಚು ಕೂರುವ ಜಾಗ ಹುಡುಕುವವರು ಮೊದಲು ನೋಡಬೇಕಾದದ್ದು ಈ ಗುಡ್ಡೆಗಳನ್ನು, ನೀರಿನ ಗುಂಡಿಯನ್ನಲ್ಲ. ಚಿಂಕಾರ ದಿನಗಟ್ಟಲೆ ನೀರು ಕುಡಿಯದೆ ಇರಬಲ್ಲದು. ಕೆರೆ ದಂಡೆಯಲ್ಲಿ ಕೂತು ಕಾದವರು ನವಿಲು, ಕಾಡುಹಂದಿ ನೋಡಿ ಮನೆಗೆ ಹೋಗುತ್ತಾರೆ.

ನೀರು ಕುಡಿಯದಿದ್ದರೆ ಬದುಕುವುದು ಹೇಗೆ? ನಸುಕಿನ ರಹಸ್ಯ ಇರುವುದೇ ಇಲ್ಲಿ. 1960ರ ದಶಕದಲ್ಲಿ ರಿಚರ್ಡ್ ಟೇಲರ್ ಎಂಬ ಶರೀರಕ್ರಿಯಾ ವಿಜ್ಞಾನಿ ಪೂರ್ವ ಆಫ್ರಿಕಾದ ಹುಲ್ಲೆಗಳ ನೀರಿನ ಲೆಕ್ಕ ಹಾಕಿದರು. ಹಗಲಲ್ಲಿ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿದ್ದ ಎಲೆಗಳು ರಾತ್ರಿ ಗಾಳಿಯ ತೇವವನ್ನು ಹೀರಿಕೊಂಡು ಮೆತ್ತಗಾಗುತ್ತಿದ್ದವು. ರಾತ್ರಿಯೆಲ್ಲ ಮೇಯುವ ಪ್ರಾಣಿಗೆ ಮೇವಿನ ಜೊತೆ ನೀರೂ ಸಿಗುತ್ತದೆ. ಅದೇ ಪೊದೆಯನ್ನು ಮಧ್ಯಾಹ್ನ ಮೇಯ್ದರೆ ಬರೀ ನಾರು. ನಮ್ಮಲ್ಲೂ ಕಡಲೆ ಹೊಲಕ್ಕೆ ಬೆಳಗಿನ ಜಾವ ಇಳಿದವರ ಕಾಲು ಮೊಣಕಾಲ ತನಕ ತೋಯುತ್ತದೆ, ಒಂಬತ್ತು ಗಂಟೆಗೆ ಅದೇ ಹೊಲ ಒಣಗಿರುತ್ತದೆ. ಇರುಳು ತಣ್ಣಗಾಗುತ್ತ ಹೋದಂತೆ ಗಾಳಿಯ ಆರ್ದ್ರತೆ ಏರುತ್ತದೆ, ಸೂರ್ಯೋದಯದ ಸುಮಾರಿಗೆ ಅದು ಅತಿ ಹೆಚ್ಚು. ಹಾಗಾಗಿ ಒಂದು ದಿನದಲ್ಲಿ ಮೇವಿನಲ್ಲಿ ಅತಿ ಹೆಚ್ಚು ನೀರಿರುವ ಹೊತ್ತು ನಸುಕು. ಅಂದರೆ ಚಿಂಕಾರ ಬೆಳಗ್ಗೆ ಎದ್ದು ಬರುವುದಿಲ್ಲ. ಅದು ರಾತ್ರಿಯಿಂದ ಅಲ್ಲೇ ಇದೆ. ನಾವು ಅದಕ್ಕಿಂತ ಮೊದಲು ತಲುಪುವ ಮಾತೇ ಇಲ್ಲ. ಅದು ಮೇಯುತ್ತಿರುವಾಗ ಅದಕ್ಕೆ ಗೊತ್ತಾಗದಂತೆ ಹೋಗಿ ಕೂರುವುದಷ್ಟೇ ನಮ್ಮ ಕೈಯಲ್ಲಿರುವುದು.

ಗೊತ್ತಾಗದಂತೆ ಹೋಗುವುದು ಸುಲಭವಲ್ಲ, ಕಾರಣ ಕಣ್ಣು. ಈ ಕಣ್ಣನ್ನು ನೋಡಲು ಯಡಹಳ್ಳಿಗೆ ಹೋಗಬೇಕಿಲ್ಲ. ಅಮೀನಗಡದ ಸಂತೆಯಲ್ಲಿ ಒಂದು ಆಡಿನ ಮುಂದೆ ಕುಕ್ಕರಗಾಲಲ್ಲಿ ಕೂತರೆ ಸಾಕು. ಮನುಷ್ಯರ ಪಾಪೆ ಗುಂಡಗಿದೆ. ಆಡಿನದು ಅಡ್ಡ ಸೀಳು, ಬಿಸಿಲಲ್ಲಿ ತೆಳ್ಳಗೆ, ಮಬ್ಬಿನಲ್ಲಿ ಅಗಲ. ಆಡು ಮೇವಿಗೆ ತಲೆ ಬಗ್ಗಿಸಿದಾಗ ಕಣ್ಣನ್ನೇ ನೋಡುತ್ತಿರಿ: ತಲೆ ಕೆಳಕ್ಕೆ ವಾಲಿದರೂ ಆ ಸೀಳು ನೆಲಕ್ಕೆ ಸಮಾನಾಂತರವಾಗಿಯೇ ಉಳಿಯುತ್ತದೆ. ಕಣ್ಣುಗುಡ್ಡೆ ಗೂಡಿನೊಳಗೇ 50 ಡಿಗ್ರಿಯಷ್ಟು ತಿರುಗಿಕೊಂಡಿರುತ್ತದೆ. 2015ರಲ್ಲಿ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು ಇದನ್ನು ಅಳೆದು ಪ್ರಕಟಿಸಿದರು. ಮೇಯುವಾಗಲೂ ಸುತ್ತಲಿನ ದಿಗಂತದ ಪಟ್ಟಿ, ಅಂದರೆ ತೋಳ ಬರಬಹುದಾದ ಪಟ್ಟಿ, ಸ್ಪಷ್ಟವಾಗಿರಬೇಕು ಎನ್ನುವುದು ಇದರ ಹಿಂದಿನ ಕಾರಣ. ಆಡು, ಕುರಿ, ಹುಲ್ಲೆ ಎಲ್ಲಕ್ಕೂ ಕಣ್ಣು ತಲೆಯ ಅಕ್ಕಪಕ್ಕ ಇರುವುದರಿಂದ ಬೆನ್ನ ಹಿಂದಿನ ಒಂದು ಸಣ್ಣ ತುಂಡು ಬಿಟ್ಟು ಸುತ್ತಲೂ ಕಾಣುತ್ತದೆ.

ಇನ್ನು ಕತ್ತಲು. ರಾತ್ರಿ ಬಾದಾಮಿ ರಸ್ತೆಯಲ್ಲಿ ಕುರಿ ಹಿಂಡಿನ ಮೇಲೆ ಲಾರಿಯ ಬೆಳಕು ಬಿದ್ದಾಗ ಕಣ್ಣುಗಳು ಹೊಳೆಯುತ್ತವಲ್ಲ, ಅದು ಅಕ್ಷಿಪಟಲದ ಹಿಂದಿನ ಕನ್ನಡಿಯಂಥ ಪದರ. ಗ್ರಾಹಕ ಕೋಶಗಳಿಗೆ ಸಿಗದೆ ದಾಟಿಹೋದ ಬೆಳಕನ್ನು ಅದು ಹಿಂದಕ್ಕೆ ತಿರುಗಿಸಿ ಎರಡನೆಯ ಅವಕಾಶ ಕೊಡುತ್ತದೆ. ಜೊತೆಗೆ ದೊಡ್ಡ ಪಾಪೆ, ಮಬ್ಬು ಬೆಳಕಿಗೆ ಮೀಸಲಾದ ಕೋಲು ಕೋಶಗಳ ದಟ್ಟಣೆ. ಮನುಷ್ಯನ ಕಣ್ಣಿನಲ್ಲಿ ಆ ಪದರ ಇಲ್ಲ. ಮೇಲಿಂದ ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗೂ ಮೀರಿ ಬೇಕು, ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ ಕಾಯುವಿಕೆ ಮತ್ತೆ ಮೊದಲಿನಿಂದ. ಕೆಂಪು ಬೆಳಕಿನ ಟಾರ್ಚು ಮಾತ್ರ ಈ ಲೆಕ್ಕ ಕೆಡಿಸುವುದಿಲ್ಲ, ಯಾಕೆಂದರೆ ಕೋಲು ಕೋಶಗಳು ಕಡುಗೆಂಪಿಗೆ ಹೆಚ್ಚುಕಡಿಮೆ ಕುರುಡು. ಗೊರಸಿನ ಪ್ರಾಣಿಗಳಿಗೂ ಕೆಂಪು ಕಾಣುವುದು ಕಷ್ಟ. ಅವುಗಳಿಗೆ ಬಣ್ಣದ ಕೋಶಗಳು ನಮ್ಮ ಹಾಗೆ ಮೂರು ಬಗೆ ಇಲ್ಲ, ಎರಡೇ. ಇಳಕಲ್ ಸೀರೆಯ ಕೆಂಪು ಸೆರಗು ಹುಲ್ಲೆಯ ಕಣ್ಣಿಗೆ ಮಾಸಲು ಮಣ್ಣಿನ ಬಣ್ಣ. ಆದರೆ ಥಳಥಳ ಬಿಳುಪಿಗೆಂದು ಸೋಪಿನ ಪುಡಿಯಲ್ಲಿ ಬೆರೆಸುವ ರಾಸಾಯನಿಕ ಅತಿನೇರಳೆಯನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ, ಮತ್ತು ನಸುಕಿನ ಆಕಾಶದ ಬೆಳಕಿನಲ್ಲಿ ನೀಲಿಯದೇ ಪಾರುಪತ್ಯ. ಹೊಂಚಿಗೆ ಹೋಗುವವರು ಮಿಲಿಟರಿ ಚುಕ್ಕಿಯ ಹೊಸ ಅಂಗಿ ಕೊಂಡು, ಅದನ್ನು ಅದೇ ಪುಡಿಯಲ್ಲಿ ಒಗೆದು ಇಸ್ತ್ರಿ ಮಾಡಿಕೊಂಡು ಬರುವುದನ್ನು ನೋಡಿದರೆ ನಗು ಬರುತ್ತದೆ. ಹಳೆಯ ಮಾಸಿದ ಕಂಬಳಿ ಅದಕ್ಕಿಂತ ಎಷ್ಟೋ ವಾಸಿ.

ಈಗ ಆ ಅರ್ಧ ಗಂಟೆಯ ವಿಚಾರ. ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆಗೆ ಗುಂಡು ಹಾರಿಸುವ ಕಾನೂನುಬದ್ಧ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಶುರುವಾಗುತ್ತದೆ. 45 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ, ಅಲ್ಲಿ ಅರ್ಧ ಗಂಟೆ ಮೊದಲು ಗುರಿ ಹಿಡಿಯುವಷ್ಟು ಬೆಳಕಿರುತ್ತದೆ. ಬಾದಾಮಿ ಇರುವುದು 16 ಡಿಗ್ರಿಯ ಹತ್ತಿರ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ. ದಿಗಂತದ ಕೆಳಗಿನ ಒಂದೊಂದು ಡಿಗ್ರಿ ದಾಟಲು ಅವನಿಗೆ ನಾಲ್ಕು ನಿಮಿಷ ಚಿಲ್ಲರೆ ಸಾಕು. ಖಗೋಳದವರು ಮುಂಬೆಳಗನ್ನು ಮೂರು ಹಂತವಾಗಿ ಲೆಕ್ಕ ಹಾಕುತ್ತಾರೆ: ಸೂರ್ಯ ದಿಗಂತಕ್ಕಿಂತ 18, 12 ಮತ್ತು 6 ಡಿಗ್ರಿ ಕೆಳಗಿರುವ ಘಳಿಗೆಗಳು. ನಮ್ಮಲ್ಲಿ ಪೂರ್ತಿ ಕತ್ತಲಿನಿಂದ ಸೂರ್ಯೋದಯಕ್ಕೆ ಒಟ್ಟು ಒಂದೂಕಾಲು ಗಂಟೆ ಮಾತ್ರ, ಕೊನೆಯ ಹಂತ ಬರೀ 22–24 ನಿಮಿಷ. ನಮ್ಮ ಕಣ್ಣಿಗೆ ಗಿಡ ಯಾವುದು, ಪ್ರಾಣಿ ಯಾವುದು ಎಂದು ಖಚಿತವಾಗುವುದು ಈ ಕೊನೆಯ ಹಂತದಲ್ಲಿ. ಆ ಹಂತ ಶುರುವಾಗುವಾಗ ನೆಲದ ಮೇಲೆ ಬೀಳುವ ಬೆಳಕು ಸುಮಾರು 3 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಅದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಚಿಂಕಾರ ಅಂಥ ಬೆಳದಿಂಗಳಲ್ಲಿ, ಅದಕ್ಕಿಂತ ಕಡಿಮೆಯಲ್ಲೂ ಮೇಯ್ದುಕೊಂಡು, ತೋಳಕ್ಕೆ ಕಣ್ಣಿಟ್ಟು ಬದುಕಿರುವ ಪ್ರಾಣಿ. ನಮಗೆ ಬೆಳಗಾಗುವ ಎಷ್ಟೋ ಮೊದಲೇ ಅದಕ್ಕೆ ಬೆಳಗಾಗಿದೆ. ಅರ್ಧ ಗಂಟೆ ಮೊದಲು ಹೊರಟವರು ಅದರ ಪಾಲಿಗೆ ಹಾಡಹಗಲಲ್ಲಿ ನಡೆದುಬಂದವರು.

ಕಣ್ಣು ತಪ್ಪಿಸಿದರೂ ಕಿವಿ ಉಂಟು. ರಾತ್ರಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗೆ ಉಳಿಯುತ್ತದೆ. ಇಂಥ ಪದರದಲ್ಲಿ ಸದ್ದು ಮೇಲಕ್ಕೆ ಚದುರದೆ ಬಾಗಿ ಮತ್ತೆ ನೆಲಕ್ಕೆ ಬರುತ್ತದೆ. ಹರದಾರಿ ದೂರದ ಗುಡಿಯ ಧ್ವನಿವರ್ಧಕ ಬೆಳಗಿನ ಜಾವ ಪಕ್ಕದಲ್ಲೇ ಕೂಗಿದಂತೆ ಕೇಳುವುದು ಇದರಿಂದಲೇ. ಒಣಗಿದ ಜೋಳದ ಕೂಳೆ ಬೂಟಿನಡಿ ಮುರಿದ ಸದ್ದೂ ಹಾಗೇ ಹೋಗುತ್ತದೆ. ಅದೂ ಸಾಲದೆಂಬಂತೆ ಟಿಟ್ಟಿಭ. ಈ ಹಕ್ಕಿ ರಾತ್ರಿಯೂ ಎಚ್ಚರ; ನೆಲದಲ್ಲಿ ಗೂಡಿರುವಾಗಂತೂ ಹಾದುಹೋದವರ ತಲೆಯ ಮೇಲೆ ಸುತ್ತಿ ಸುತ್ತಿ ಇಡೀ ಬಯಲಿಗೆ ವರದಿ ಒಪ್ಪಿಸುತ್ತದೆ. ಅದರ ಕೂಗು ಬಿದ್ದ ದಿಕ್ಕಿಗೆ ಚಿಂಕಾರ ತಲೆಯೆತ್ತಿ, ಮುಂಗಾಲಿನಿಂದ ನೆಲ ಒದ್ದು, ಮೂಗಿನಲ್ಲಿ ಸೀನಿದಂಥ ಸದ್ದು ಮಾಡಿತೆಂದರೆ ಆವತ್ತಿನ ಕೆಲಸ ಮುಗಿಯಿತು.

ಕೊನೆಗೆ ವಾಸನೆ. ನನ್ನ ಪ್ರಕಾರ ಹೊತ್ತಿಗಿಂತ ಇದೇ ದೊಡ್ಡದು, ಆದರೂ ಗಡಿಯಾರದ ಬಗ್ಗೆ ಮಾತಾಡುವಷ್ಟು ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಗುಡ್ಡದ ನಾಡಿನಲ್ಲಿ ತಂಪು ಗಾಳಿ ಭಾರವಾಗಿ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ, ಹಳ್ಳದ ನೀರಿನ ಹಾಗೆ. ಬಿಸಿಲು ಬಿದ್ದು ಕಲ್ಲು ಕಾಯತೊಡಗಿದ ಮೇಲೆ ಗಾಳಿ ತಿರುಗಿ ಮೇಲೇರುತ್ತದೆ. ನಸುಕಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಕೂತರೆ ನಮ್ಮ ಬೆವರಿನ ವಾಸನೆ ಕೆಳಗೆ ಮೇಯುವ ಪ್ರಾಣಿಯ ಮೂಗಿಗೆ ನೆಟ್ಟಗೆ ಇಳಿಯುತ್ತದೆ. ತಪ್ಪಲಲ್ಲಿ ಕೂತರೆ ಗಾಳಿ ಅದರ ಕಡೆಯಿಂದ ನಮ್ಮ ಕಡೆಗೆ. ಬಿಸಿಲೇರಿದ ಮೇಲೆ ಇದೇ ತಪ್ಪಲು ಕೆಟ್ಟ ಜಾಗ. ಹಳಬರು ಇದನ್ನು ತಿಳಿಯಲು ಹಿಡಿ ಧೂಳು ಎತ್ತಿ ಬೆರಳ ಸಂದಿಯಿಂದ ಬಿಡುತ್ತಿದ್ದರು. ನಯವಾದ ಎರೆಮಣ್ಣಿನ ಪುಡಿ ಎತ್ತ ವಾಲುತ್ತದೋ ಅತ್ತ ಹೋಗಬಾರದು. ಯಾವ ದಾರಿಯಿಂದ ಹೋದಿರಿ ಎನ್ನುವುದೂ ಇಷ್ಟೇ ಮುಖ್ಯ. ಮೇವಿನ ಬಯಲನ್ನು ಅಡ್ಡಹಾಯ್ದು ನಾಲ್ಕು ಗಂಟೆಗೆ ಹೋದವರಿಗಿಂತ, ಹಳ್ಳದ ತಗ್ಗಿನಲ್ಲಿ ಸುತ್ತುಹಾಕಿ ಐದೂವರೆಗೆ ಬಂದವರಿಗೆ ಹೆಚ್ಚು ಕಾಣುತ್ತದೆ. ಮಲಪ್ರಭೆಯ ದಂಡೆಯ ಖ್ಯಾಡದಲ್ಲಿ ಸಿಕ್ಕ ಕಲ್ಲಿನ ಕೊಡಲಿಗಳನ್ನು ಹಿಡಿದಿದ್ದವರಿಗೂ ಗಾಳಿಯ ಈ ತಿರುವು ತಿಳಿದಿದ್ದಿರಬೇಕು. ಹತ್ತಿರ ಹೋಗದೆ ಹೊಡೆಯುವ ಆಯುಧ ಅವರಲ್ಲಿರಲಿಲ್ಲ.

ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಒಂದು ಬೇಟೆಯೂ ಇದೇ ಜಿಲ್ಲೆಯದು. ಮುಧೋಳ ನಾಯಿ ಮೂಗಿನಿಂದ ಜಾಡು ಹಿಡಿಯುವ ಜಾತಿಗಿಂತ ಕಣ್ಣಿನಿಂದ ಬೆನ್ನಟ್ಟುವ ಜಾತಿ. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಒಂದು ಅಡ್ಡ ಪಟ್ಟಿಯಾಗಿ ಹರಡಿರುತ್ತವೆ, ಬಯಲಂಚಿನಲ್ಲಿ ಏನು ಮಿಸುಕಿದರೂ ಅವುಗಳಿಗೆ ಗೊತ್ತಾಗುತ್ತದೆ. ಆದರೆ ಬೆನ್ನಟ್ಟಲು ಮುಂದಿರುವ ಮೊಲ ಕಾಣಬೇಕು, ಓಡುವ ನೆಲವೂ ಕಾಣಬೇಕು. ಕತ್ತಲಲ್ಲಿ ಬಿಟ್ಟರೆ ನಾಯಿಯ ಕಾಲು ಮುರಿಯುತ್ತದೆ. ಹಾಗಾಗಿ ನಾಯಿ ಕಟ್ಟಿಕೊಂಡವರಿಗೆ ನಸುಕಿನ ಆತುರ ಇರಲಿಲ್ಲ, ಬಯಲು ಬೆಳಕಾದ ಮೇಲೆ ಹೊರಟರೆ ಸಾಕಿತ್ತು. ಅಡಗಿ ಕಾಯುವ ಕಸುಬು ಬೇರೆಯೇ. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷರ ಎದುರು ನಿಂತದ್ದು ಎಲ್ಲರಿಗೂ ಗೊತ್ತು. ಬೇಟೆಯ ಮೇಲೆ ಬದುಕು ಕಟ್ಟಿಕೊಂಡವರಿಗೆ ಆಯುಧವೆಂದರೆ ಅನ್ನವೂ ಆಗಿತ್ತು ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಸರಿ, ಹಾಗಾದರೆ ಎಷ್ಟು ಹೊತ್ತಿಗೆ? ಬಾಗಲಕೋಟೆಯಲ್ಲಿ ಜನವರಿ ನಡುವೆ ಸೂರ್ಯೋದಯ ಏಳು ಗಂಟೆಯ ಹತ್ತಿರ, ಮೇ ಕೊನೆಗೆ ಆರಕ್ಕೂ ಮೊದಲು. ಅದರಿಂದ ಒಂದೂಕಾಲು ಗಂಟೆ ಕಳೆಯಿರಿ. ಸಂಕ್ರಮಣದ ಸುಮಾರಿಗೆ ಐದೂಮುಕ್ಕಾಲಿಗೆ, ಮೇ ತಿಂಗಳಲ್ಲಿ ನಾಲ್ಕೂವರೆ ದಾಟುವುದರೊಳಗೆ ಕೂತಾಗಿರಬೇಕು. ತಲುಪುವ ಹೊತ್ತಲ್ಲ ಇದು, ಕೂತು ಅಲ್ಲಾಡದೆ ಇರುವ ಹೊತ್ತು. ಮೊದಲ ಅರ್ಧ ಗಂಟೆ ನಮ್ಮ ಕಣ್ಣು ಕತ್ತಲಿಗೆ ಪಳಗಲು ಮತ್ತು ಟಿಟ್ಟಿಭದ ಸಿಟ್ಟು ಇಳಿಯಲು. ಧಾಮದೊಳಗೆ ಇಲಾಖೆಯ ಅನುಮತಿ ಇಲ್ಲದೆ ಹೋಗುವಂತಿಲ್ಲ. ಅನುಮತಿ ಸಿಕ್ಕರೂ ಸಿಬ್ಬಂದಿಯ ಜೊತೆಯೇ ನಡೆಯಿರಿ, ಕಾಲ ಮುಂದೆ ಕೆಂಪು ಬೆಳಕು ಇರಲಿ. ಕಲ್ಲು ಸಂದಿಯ ಮಂಡಲದ ಹಾವಿಗೆ ನಸುಕೇನು, ನಡುರಾತ್ರಿಯೇನು.

ಏಳುವ ಹೊತ್ತೂ ಲೆಕ್ಕದ್ದೇ. ಬಿಸಿಲು ಚುರುಕಾದ ಮೇಲೆ ಚಿಂಕಾರ ಜಾಲಿಯ ನೆರಳು ಹುಡುಕಿ ಮಲಗಿ ಮೆಲುಕು ಹಾಕುತ್ತದೆ. ಅದು ಮಲಗುವ ಮುಂಚೆ, ಏಳೂವರೆಗೇ ಸಾಕಾಯಿತೆಂದು ಎದ್ದು ಬಟ್ಟೆ ಕೊಡವಿದರೆ ಆ ಪೊದೆಯಲ್ಲಿ ಮನುಷ್ಯ ಇರುತ್ತಾನೆಂಬುದು ಅದಕ್ಕೆ ಗೊತ್ತಾಗುತ್ತದೆ, ನಾಳೆ ನಾಲ್ಕಕ್ಕೆ ಬಂದು ಕೂತರೂ ಅದು ಇನ್ನೊಂದು ದಿಣ್ಣೆಯಲ್ಲಿ ಮೇಯುತ್ತಿರುತ್ತದೆ. ಒಂಬತ್ತರ ತನಕ ಕೂರುವ ತಯಾರಿಯಲ್ಲಿ ಹೋಗಬೇಕು. ರೊಟ್ಟಿ ಕಟ್ಟಿಕೊಂಡು ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ, ಬಟ್ಟೆಯಲ್ಲಿ.