ಹಾಲಿನ ಸೈಕಲ್ಲಿಗೆ ಹೊಸ ಬೇರಿಂಗ್: ಆಯ್ಕೆ ಹೇಗೆ?



ಕುಡಿಗೆಯಲ್ಲಿ 1955ರಲ್ಲಿ ಡೈರಿ ಆರಂಭವಾಯಿತು. ಅಂದಿನಿಂದ ಇಂದಿಗೆ ರಸ್ತೆಗಳು ಸುಧಾರಿಸಿವೆ, ಬೈಕು ಆಟೋಗಳು ಬಂದಿವೆ. ಆದರೂ ಮನೆಯಿಂದ ಸಂಘದವರೆಗೆ ಹಾಲಿನ ಕ್ಯಾನನ್ನು ಸೈಕಲ್ಲಿನಲ್ಲೇ ಸಾಗಿಸುವ ಸದಸ್ಯರಿದ್ದಾರೆ. ಹಸುವಿನ ಮೇವು, ಕೆಚ್ಚಲು, ಕ್ಯಾನಿನ ಶುಚಿತ್ವದ ಬಗ್ಗೆ ಎಚ್ಚರ ವಹಿಸುವ ನಾವು ಚಕ್ರದ ಹಬ್ಬಿನೊಳಗಿನ ಗುಂಡುಗಳನ್ನು ಮರೆತುಬಿಡುತ್ತೇವೆ. ಕರೆದ ಹಾಲು ಬೆಚ್ಚಗಿರುವಾಗ ಅದರಲ್ಲಿ ಸೂಕ್ಷ್ಮಾಣುಗಳು ವೇಗವಾಗಿ ಬೆಳೆಯುತ್ತವೆ. ದಾರಿಯಲ್ಲಿ ಚಕ್ರ ಕಚ್ಚಿಕೊಂಡು ತಡವಾದರೆ ಹಾಲು ಕೆಡಬಹುದು. ಇಳಿಜಾರಿನಲ್ಲಿ ಅಚ್ಚು ಮುರಿದರೆ ಸವಾರನಿಗೇ ಅಪಾಯ.

ಭಾರ ಮತ್ತು ಮಳೆ

20 ಲೀಟರ್ ಹಾಲಿನ ತೂಕ ಸುಮಾರು 20.6 ಕಿಲೋ. ಅಂತಹ ಎರಡು ಕ್ಯಾನುಗಳಲ್ಲಿ ಹಾಲೇ 41 ಕಿಲೋ. ಈ ಭಾರದ ಬಹುಪಾಲು ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಇದರ ಜೊತೆಗೆ ನಮ್ಮ ಕಕ್ಕಡ ಮಾಸದ ಮಳೆ. ಹಬ್ಬಿನೊಳಗೆ ನೀರು ಹೊಕ್ಕರೆ ಗ್ರೀಸು ಮಜ್ಜಿಗೆಯಂತೆ ಬಿಳುಚಿಕೊಳ್ಳುತ್ತದೆ, ಗುಂಡುಗಳು ತುಕ್ಕು ಹಿಡಿಯುತ್ತವೆ.

ತಿಳಿಯುವುದು ಹೇಗೆ?

ಚಕ್ರವನ್ನು ನೆಲದಿಂದ ಎತ್ತಿ ರಿಮ್ಮನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕಟಕಟ ಎಂದು ಆಡಿದರೆ ಕೋನು ಸಡಿಲವಾಗಿದೆ ಅಥವಾ ಸವೆದಿದೆ. ಅಚ್ಚನ್ನು ಬೆರಳಲ್ಲಿ ತಿರುಗಿಸಿದಾಗ ಮರಳು ಸಿಕ್ಕಂತೆ ಗರಗರ ಎಂದರೆ ಬಿಚ್ಚಿ ನೋಡಲೇಬೇಕು. ಪೆಡಲ್ ನಿಲ್ಲಿಸಿದಾಗ ಬರುವ ಟಿಕ್ ಟಿಕ್ ಶಬ್ದ ಫ್ರೀವೀಲಿನದು, ಅದು ದೋಷವಲ್ಲ.

ಮೊದಲು ಕೋನು, ಆಮೇಲೆ ಗುಂಡು

ಹೆಚ್ಚಿನವರು ಗುಂಡು ಮಾತ್ರ ಬದಲಿಸಿ ಸುಮ್ಮನಾಗುತ್ತಾರೆ. ಹಬ್ಬನ್ನು ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಗುಂಡು ಉರುಳುವ ಜಾಗವನ್ನು ಬೆಳಕಿನಲ್ಲಿ ನೋಡಿ. ಕೋನಿನಲ್ಲಿ ಕುಳಿ ಬಿದ್ದಿದ್ದರೆ ಎಷ್ಟು ಒಳ್ಳೆಯ ಗುಂಡು ಹಾಕಿದರೂ ಬಾಳಿಕೆ ಬಾರದು, ಕೋನನ್ನೂ ಬದಲಿಸಬೇಕು. ಹಬ್ಬಿನೊಳಗಿನ ಕಪ್ಪಿನಲ್ಲೇ ಕುಳಿ ಇದ್ದರೆ ಹಬ್ಬನ್ನೇ ಬದಲಿಸುವುದು ಲೇಸು.

ಸಾಮಾನ್ಯ ದೊಡ್ಡ ಸೈಕಲ್ಲಿನ ಅಳತೆ ಹೀಗಿರುತ್ತದೆ:

ಮುಂದಿನ ಚಕ್ರ: 3/16 ಇಂಚಿನ (4.76 ಮಿ.ಮೀ.) ಗುಂಡು, ಪ್ರತಿ ಬದಿಗೆ 10.
ಹಿಂದಿನ ಚಕ್ರ: 1/4 ಇಂಚಿನ (6.35 ಮಿ.ಮೀ.) ಗುಂಡು, ಪ್ರತಿ ಬದಿಗೆ 9.

ಆದರೂ ಬಿಚ್ಚುವಾಗ ಎಣಿಸಿಕೊಳ್ಳಿ. ಹಳೆಯ ಗುಂಡು, ಕೋನು, ಅಚ್ಚನ್ನು ಅಂಗಡಿಗೆ ಒಯ್ದು ಹೋಲಿಸಿಯೇ ಕೊಳ್ಳಿ. ಕೋನಿನ ಮರೆ ಅಚ್ಚಿಗೆ ಕೈಯಲ್ಲೇ ಸಲೀಸಾಗಿ ಕೂರಬೇಕು.

ಹಳೆಯ ಗುಂಡುಗಳ ನಡುವೆ ಎರಡು ಹೊಸದನ್ನು ಸೇರಿಸಬೇಡಿ. ಹಳೆಯವು ಸವೆದು ಚಿಕ್ಕದಾಗಿರುವುದರಿಂದ ಭಾರವೆಲ್ಲ ಹೊಸ ಗುಂಡುಗಳ ಮೇಲೆ ಬಿದ್ದು ಅವೂ ಕೆಡುತ್ತವೆ, ಕೋನನ್ನೂ ಕೆಡಿಸುತ್ತವೆ. ಪೂರ್ತಿ ಜೊತೆ ಬದಲಿಸಿ. ನುಣುಪಾದ, ಒಂದೇ ಗಾತ್ರದ, ಗಟ್ಟಿ ಉಕ್ಕಿನ ಗುಂಡನ್ನೇ ಕೇಳಿ ಪಡೆಯಿರಿ.

ಹೊಸ ಮಾದರಿಯ ಕೆಲವು ಸೈಕಲ್ಲುಗಳಲ್ಲಿ ಬಿಡಿ ಗುಂಡಿನ ಬದಲು ಮುಚ್ಚಿದ ಬೇರಿಂಗ್ ಇರುತ್ತದೆ. ಅದರ ಮೇಲೆ ಕೆತ್ತಿರುವ ಸಂಖ್ಯೆಯೇ ಅಳತೆ. ಉದಾಹರಣೆಗೆ 6001 ಎಂದಿದ್ದರೆ ಒಳವ್ಯಾಸ 12, ಹೊರವ್ಯಾಸ 28, ಅಗಲ 8 ಮಿ.ಮೀ. ಅದೇ ಸಂಖ್ಯೆಯದನ್ನು ಕೊಳ್ಳಿ. ಸಂಖ್ಯೆಯ ಮುಂದೆ ‘2ಆರ್‌ಎಸ್’ ಎಂದಿದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ. ‘ಝಡ್‌ಝಡ್’ ಎಂದಿದ್ದರೆ ತಗಡಿನ ಮುಚ್ಚಳ. ನಮ್ಮ ಮಳೆಗೆ ರಬ್ಬರಿನದೇ ಉತ್ತಮ. ಕೂರಿಸುವಾಗ ಹೊರ ಬಳೆಯ ಮೇಲೆ ಮಾತ್ರ ಒತ್ತಬೇಕು.

ಜೋಡಣೆ

ಕಪ್ಪಿನಲ್ಲಿ ಧಾರಾಳವಾಗಿ ಗ್ರೀಸು ತುಂಬಿ ಗುಂಡುಗಳನ್ನು ಕೂರಿಸಿ. ಕೊಬ್ಬರಿ ಎಣ್ಣೆ, ಸುಟ್ಟ ಇಂಜಿನ್ ಎಣ್ಣೆ ಮಳೆಯಲ್ಲಿ ನಿಲ್ಲುವುದಿಲ್ಲ. ನೀರಿಗೆ ಬೇಗ ಕರಗದ ಲಿಥಿಯಂ ಗ್ರೀಸು ಒಳ್ಳೆಯದು. ನಟ್ಟು ಬಿಗಿದಾಗ ಕೋನು ಇನ್ನಷ್ಟು ಬಿಗಿಯಾಗುವುದರಿಂದ ಮೊದಲು ಕೂದಲೆಳೆಯಷ್ಟು ಸಡಿಲ ಬಿಡಿ. ಬಿಗಿದ ನಂತರ ಮುಂದಿನ ಚಕ್ರವನ್ನು ಎತ್ತಿ ಹಿಡಿದು ವಾಲ್ವನ್ನು ಪಕ್ಕಕ್ಕೆ ತಂದು ಬಿಡಿ. ವಾಲ್ವಿನ ಭಾರಕ್ಕೇ ಚಕ್ರ ನಿಧಾನವಾಗಿ ತಿರುಗಿ, ಹೆಚ್ಚು ಭಾರವಿರುವ ಭಾಗ ಕೆಳಗೆ ಬಂದು ನಿಂತರೆ, ರಿಮ್ಮೂ ಅಲ್ಲಾಡದಿದ್ದರೆ, ಜೋಡಣೆ ಸರಿಯಾಗಿದೆ.

ವರ್ಷಕ್ಕೆ ಎರಡು ಬಾರಿ, ಅಂದರೆ ಮಳೆಗೆ ಮುನ್ನ ಮೇ ತಿಂಗಳಲ್ಲಿ ಮತ್ತು ಮಳೆ ತಗ್ಗಿದ ಮೇಲೆ ಆಯುಧಪೂಜೆಯ ವೇಳೆಗೆ, ಹಬ್ಬು ಬಿಚ್ಚಿಸಿ ಗ್ರೀಸು ಹಾಕಿಸಿ. ಸೈಕಲ್ಲಿಗೆ ಹೂ ಮುಡಿಸುವ ಮುನ್ನ ಈ ಕೆಲಸ ಆಗಿರಲಿ.

ಕೊನೆಯದಾಗಿ ಒಂದು ಮಾತು: ಗ್ರೀಸು ಮುಟ್ಟಿದ ಕೈಯಿಂದ ಕ್ಯಾನನ್ನಾಗಲಿ ಹಸುವಿನ ಕೆಚ್ಚಲನ್ನಾಗಲಿ ಮುಟ್ಟಬೇಡಿ. ಸೋಪಿನಿಂದ ಚೆನ್ನಾಗಿ ಕೈ ತೊಳೆದ ನಂತರವೇ ಹಾಲು ಕರೆಯಲು ಕೂರಿ.