ಬುಟ್ಟಿ ತಪ್ಪಿದ ಚೆಂಡು ಯಾರ ಪಾಲು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ಕಡೆ ಯಾವ ಕಾಲೇಜಿನ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ನಡೆದರೂ ಸಾಮಾನ್ಯವಾಗಿ ಒಂದೇ ಲೆಕ್ಕಾಚಾರ. ತಂಡದಲ್ಲಿ ಯಾರು ಎಲ್ಲರಿಗಿಂತ ಉದ್ದವೋ ಅವನು ರಿಂಗ್ ಕೆಳಗೆ. ‘ರೀಬೌಂಡ್ ನಿಂದು ಕಣೋ’ ಅಂದುಬಿಟ್ಟರೆ ಉಳಿದ ನಾಲ್ವರಿಗೆ ಬುಟ್ಟಿ ತಪ್ಪಿದ ಚೆಂಡು ಹಿಡಿಯುವ ಉಸಾಬರಿಯಿಲ್ಲ. ಇದೇ ಹುಡುಗರು ಬೆಳಗಿನ ಜಾವ ಎದ್ದು ಮೊಬೈಲಿನಲ್ಲಿ ಅಮೆರಿಕದ ಎನ್‌ಬಿಎ ಪಂದ್ಯ ನೋಡುವಾಗ ತಬ್ಬಿಬ್ಬಾಗುತ್ತಾರೆ. ಏಳಡಿ ಆಳುಗಳಿಗೆ ಕೋಟಿಗಟ್ಟಲೆ ಸುರಿದ ತಂಡವೂ ರೀಬೌಂಡ್‌ನಲ್ಲಿ ಹಿಂದೆ ಬೀಳುತ್ತದಲ್ಲ, ಏಕೆ? ಬಿದ್ದರೂ ಕೋಚ್ ಕೂಗಾಡುವುದಿಲ್ಲವಲ್ಲ?

ಮೊದಲಿಗೆ ಈ ಆಟದಲ್ಲಿ ರೀಬೌಂಡ್ ಅನ್ನುವುದೇ ಇರಲಿಲ್ಲ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಗೆ ಹೊಡೆಸಿದರು. ಬುಟ್ಟಿಯ ಹಿಂದೆ ಹಲಗೆ ಇಲ್ಲ. ಬಾಲ್ಕನಿಯಲ್ಲಿ ಕುಳಿತ ಜನ ಸುಮ್ಮನಿದ್ದಾರೆಯೇ? ತಮ್ಮ ಕಡೆಯವರ ಚೆಂಡನ್ನು ಒಳಗೆ ತಳ್ಳುವುದು, ಎದುರಾಳಿಗಳದ್ದನ್ನು ಹೊರಗೆ ತಟ್ಟುವುದು ಶುರುವಾಯಿತು. ಅವರ ಕೈ ತಡೆಯಲು ಮೊದಲು ತಂತಿಬಲೆ, ಆಮೇಲೆ ಮರದ ಹಲಗೆ ಬಂತು. ತಪ್ಪಿದ ಚೆಂಡು ಹಲಗೆಗೆ ಬಡಿದು ಅಂಗಳಕ್ಕೇ ವಾಪಸಾದಾಗ ಅದಕ್ಕಾಗಿ ಕಿತ್ತಾಟ ಹುಟ್ಟಿತು. ಪ್ರೇಕ್ಷಕರ ತುಂಟತನಕ್ಕೆ ಹಾಕಿದ ಅಡ್ಡಗಟ್ಟೆಯಿಂದ ಆಟಕ್ಕೆ ಹೊಸದೊಂದು ವಿದ್ಯೆಯೇ ಸೇರಿಕೊಂಡಿತು. ಹಾಗಿದ್ದೂ ಎನ್‌ಬಿಎ ಅದನ್ನು ಎಣಿಸತೊಡಗಿದ್ದು 1950-51ರಲ್ಲಷ್ಟೇ.

ಆಮೇಲಿನದು ದೈತ್ಯರ ಕಾಲ. 1960ರ ನವೆಂಬರ್ 24ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 55 ರೀಬೌಂಡ್ ಹಿಡಿದರು. ಆ ದಾಖಲೆ ಇನ್ನೂ ಮುರಿದಿಲ್ಲ. ಆದರೆ ನಮ್ಮ ಹುಡುಗರು ಚೇಂಬರ್ಲೇನ್‌ಗಿಂತ ಡೆನಿಸ್ ರಾಡ್ಮನ್ ಆಟ ನೋಡಿದರೆ ಲಾಭ. ಅವರ 6 ಅಡಿ 7 ಅಂಗುಲ ಎತ್ತರ ಆ ಲೋಕದಲ್ಲಿ ಏನೇನೂ ಅಲ್ಲ. ಆದರೂ 1991-92ರಿಂದ 1997-98ರವರೆಗೆ ಸತತ ಏಳು ಸೀಸನ್ ಪಂದ್ಯವೊಂದರ ರೀಬೌಂಡ್ ಸರಾಸರಿಯಲ್ಲಿ ಅವರದೇ ಮೊದಲ ಸ್ಥಾನ. ಸಹ ಆಟಗಾರರು ಅಭ್ಯಾಸ ಮಾಡುವಾಗ ಪಕ್ಕದಲ್ಲಿ ನಿಂತು, ಯಾರ ಚೆಂಡು ಹೇಗೆ ತಿರುಗುತ್ತದೆ, ತಪ್ಪಿದರೆ ಯಾವ ದಿಕ್ಕಿಗೆ ಚಿಮ್ಮುತ್ತದೆ ಎಂದು ನೋಡುತ್ತಿದ್ದರಂತೆ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲು ಬೀಸಿದವನಿಗಿಂತ ಕಾಯಿ ಎಲ್ಲಿ ಬೀಳುತ್ತದೆಂದು ಮೊದಲೇ ಅಲ್ಲಿ ನಿಂತವನ ಜೇಬು ಬೇಗ ತುಂಬುತ್ತದೆ.

ಹಾಗಾದರೆ ರೀಬೌಂಡ್ ಕೈಬಿಡುವ ಚಾಳಿ ಎಲ್ಲಿಂದ ಬಂತು? 1979-80ರಲ್ಲಿ ಎನ್‌ಬಿಎಗೆ ಮೂರು ಅಂಕದ ಗೆರೆ ಬಂತು. ದೂರದಿಂದ ಎಸೆದ ಚೆಂಡು ತಪ್ಪಿದರೆ ದೂರಕ್ಕೇ ಚಿಮ್ಮುತ್ತದೆ. ರಿಂಗ್ ಕೆಳಗೆ ಕಂಬದಂತೆ ನಿಂತವನ ತಲೆಯ ಮೇಲೆ ಹಾರಿಹೋಗುತ್ತದೆ. ಜತೆಗೆ ಕೋಚ್‌ಗಳು ಇನ್ನೊಂದು ಲೆಕ್ಕ ಹಾಕಿದರು. ನಮ್ಮ ಎಸೆತ ತಪ್ಪಿದಾಗ ಮೂವರು ಚೆಂಡಿಗೆ ನುಗ್ಗಿ ಅದೂ ಸಿಗದಿದ್ದರೆ, ಎದುರಾಳಿ ಖಾಲಿ ಅಂಗಳದಲ್ಲಿ ಓಡಿ ಸಲೀಸಾಗಿ ಎರಡಂಕ ಗಳಿಸುತ್ತಾನೆ. ಅದಕ್ಕಿಂತ ಚೆಂಡಿನ ಆಸೆ ಬಿಟ್ಟು ಹಿಂದಕ್ಕೆ ಓಡುವುದೇ ಮೇಲು. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಕೋಚ್ ಆಗಿದ್ದ ಗ್ರೆಗ್ ಪೊಪೊವಿಚ್ ಈ ಪಂಥದ ದೊಡ್ಡ ಗುರು. 1980ರ ದಶಕದಲ್ಲಿ ತಂಡಗಳು ತಮ್ಮದೇ ತಪ್ಪಿದ ಎಸೆತಗಳಲ್ಲಿ ಮೂರರಲ್ಲೊಂದನ್ನು ವಾಪಸು ಹಿಡಿಯುತ್ತಿದ್ದವು. ಹತ್ತಿರ ಹತ್ತಿರ 2020ರ ಹೊತ್ತಿಗೆ ಅದು ನೂರಕ್ಕೆ 22-23ಕ್ಕೆ ಇಳಿಯಿತು. ಹೊರಗಿನಿಂದ ದೌರ್ಬಲ್ಯದಂತೆ ಕಾಣುವುದರಲ್ಲಿ ಅರ್ಧ ಹೀಗೆ ಕೂತು ಲೆಕ್ಕಹಾಕಿ ಒಪ್ಪಿಕೊಂಡ ನಷ್ಟ.

ಇದಕ್ಕೆ ಮಯಾಮಿ ಹೀಟ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. 2012-13ರಲ್ಲಿ ಪಂದ್ಯಕ್ಕೆ 38.6 ರೀಬೌಂಡ್ ಹಿಡಿದು ಲೀಗ್‌ನ 30 ತಂಡಗಳಲ್ಲಿ ಕೊನೆಯ ಸ್ಥಾನದಲ್ಲಿದ್ದ ತಂಡ ಅದು. ಕೋಚ್ ಎರಿಕ್ ಸ್ಪೋಲ್ಸ್ಟ್ರಾ ಭಾರೀ ಆಳುಗಳನ್ನು ಬದಿಗಿಟ್ಟು ಎಸೆತಗಾರರನ್ನು ತುಂಬಿಕೊಂಡಿದ್ದರು. ಎಸೆತದ ಯಶಸ್ಸಿನಲ್ಲಿ ಆ ತಂಡವೇ ಮೊದಲು. ಎಸೆದದ್ದೆಲ್ಲ ಬುಟ್ಟಿಗೆ ಬಿದ್ದರೆ ಹಿಡಿಯಲು ಏನು ಉಳಿಯುತ್ತದೆ? ರೀಬೌಂಡ್‌ನ ಬರೀ ಮೊತ್ತ ನೋಡಿ ತಂಡವನ್ನು ಬೈಯಬಾರದು. ತಪ್ಪಿದ ಎಸೆತಗಳಲ್ಲಿ ಶೇಕಡಾ ಎಷ್ಟು ಕೈಸೇರಿತು ಅನ್ನುವುದೇ ಸರಿಯಾದ ಅಳತೆ.

ಆ ವರ್ಷದ ಫೈನಲ್‌ನಲ್ಲಿ ಹೀಟ್ ಎದುರು ನಿಂತದ್ದು ಅದೇ ಸ್ಪರ್ಸ್. ಜೂನ್ 18ರ ಆರನೇ ಪಂದ್ಯದಲ್ಲಿ 28 ಸೆಕೆಂಡ್ ಬಾಕಿ ಇರುವಾಗ ಸ್ಪರ್ಸ್ 94-89 ಮುಂದೆ. ಮೂರು ಅಂಕದ ಎಸೆತ ತಡೆಯಲು ಚುರುಕು ಕಾಲಿನವರೇ ಇರಲೆಂದು ಪೊಪೊವಿಚ್, 6 ಅಡಿ 11 ಅಂಗುಲದ ಟಿಮ್ ಡಂಕನ್‌ರನ್ನು ಬೆಂಚಿಗೆ ಕರೆಸಿಕೊಂಡಿದ್ದರು. ಹೀಟ್ ತಂಡದ ಲೆಬ್ರಾನ್ ಜೇಮ್ಸ್ ಎಸೆತ ತಪ್ಪಿತು. ರೀಬೌಂಡ್ ಹೀಟ್ ಕೈಗೆ, ಮತ್ತೆ ಲೆಬ್ರಾನ್‌ಗೆ, ಮೂರು ಅಂಕ. ಸ್ಪರ್ಸ್ ಒಂದು ಫ್ರೀ ಥ್ರೋ ಸೇರಿಸಿ 95-92 ಮಾಡಿತು. ಲೆಬ್ರಾನ್ ಇನ್ನೊಮ್ಮೆ ಎಸೆದು ಇನ್ನೊಮ್ಮೆ ತಪ್ಪಿದರು. ಈ ಸಲ ಕ್ರಿಸ್ ಬಾಷ್ ಗುಂಪಿನ ಮೇಲೆ ನೆಗೆದು ಚೆಂಡು ಕಸಿದು, ಮೂಲೆಗೆ ಹಿಂದೆ ಹಿಂದೆ ಸರಿಯುತ್ತಿದ್ದ ರೇ ಆ್ಯಲೆನ್‌ಗೆ ದಾಟಿಸಿದರು. ಆ್ಯಲೆನ್ ಎಸೆತಕ್ಕೆ ಮೂರು ಅಂಕ. 5.2 ಸೆಕೆಂಡ್ ಉಳಿದಿತ್ತು. 95-95. ಹೆಚ್ಚುವರಿ ಅವಧಿಯಲ್ಲಿ ಹೀಟ್ 103-100ರಿಂದ ಗೆದ್ದು, ಏಳನೇ ಪಂದ್ಯದಲ್ಲಿ ಪ್ರಶಸ್ತಿಯನ್ನೂ ಒಯ್ದಿತು. ರೀಬೌಂಡ್‌ನಲ್ಲಿ ಲೀಗ್‌ಗೇ ಕೊನೆಯ ತಂಡವನ್ನು ಎರಡು ರೀಬೌಂಡ್ ಉಳಿಸಿದವು. ಪೊಪೊವಿಚ್ ನಿರ್ಧಾರವನ್ನು ಜನ ಇನ್ನೂ ಟೀಕಿಸುತ್ತಾರೆ. ನನಗಂತೂ ಅದು ಅವಿವೇಕ ಅನ್ನಿಸುವುದಿಲ್ಲ.

ನಮ್ಮ ಅಂಗಳಗಳ ತೊಂದರೆಯೇ ಬೇರೆ. ಬಿಸಿಲು ಮಳೆಗೆ ಬಿಟ್ಟ ಹಲಗೆ, ಬೋಲ್ಟ್ ಸಡಿಲಾದ ರಿಂಗ್. ಇಂಥ ರಿಂಗ್ ಚೆಂಡಿನ ಬಿರುಸನ್ನೆಲ್ಲ ತಾನೇ ನುಂಗಿ ಅದನ್ನು ಕೆಳಗೇ ಕೆಡವುತ್ತದೆ. ಅಲ್ಲಿ ಉದ್ದನೆಯ ಹುಡುಗನೇ ರಾಜ. ಅವನೇ ಬೆಂಗಳೂರಿನ ಕಂಠೀರವದಂಥ ಒಳಾಂಗಣಕ್ಕೆ ಹೋದರೆ ಬಿಗಿಯಾದ ರಿಂಗ್, ಗಾಜಿನ ಬೋರ್ಡ್. ಚೆಂಡು ನಾಲ್ಕು ಮಾರು ಆಚೆ ಬಿದ್ದಿರುತ್ತದೆ, ಇವನು ಹಳೆಯ ಜಾಗದಲ್ಲೇ ಕೈಯೆತ್ತಿ ನಿಂತಿರುತ್ತಾನೆ.

ಆದರೆ ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಲ್ಲುವ ‘ಬಾಕ್ಸ್ ಔಟ್’ ಕಲಿಸಲು ಒಳ್ಳೆಯ ರಿಂಗ್ ಬೇಕಿಲ್ಲ. ಎಸೆತ ಹೊರಟ ಕ್ಷಣ ಎಲ್ಲರ ಕಣ್ಣು ಮೇಲೆ ಹೋಗುತ್ತದೆ. ಆಗಲೇ ಚೆಂಡು ಬಿಟ್ಟು ಎದುರಾಳಿಯನ್ನು ಹುಡುಕಬೇಕು. ಮುಂಗೈ ಅವನ ಎದೆಗೆ ತಾಗಿಸಿ, ಒಂದು ಕಾಲ ಮೇಲೆ ತಿರುಗಿ, ಸೊಂಟ ತಗ್ಗಿಸಿ ಬೆನ್ನು ಕೊಟ್ಟು ನಿಲ್ಲಬೇಕು. ಮೇಲೆ ನೋಡುವುದು ಆಮೇಲೆ. ಕಬಡ್ಡಿ ಆಡಿ ತೊಡೆ ಗಟ್ಟಿ ಮಾಡಿಕೊಂಡ ಮುಳಬಾಗಿಲ ಕಡೆಯ ಹುಡುಗನಿಗೆ ಇದು ವಾರದಲ್ಲಿ ಒಗ್ಗುತ್ತದೆ.

ಈಗ ಎನ್‌ಬಿಎಯಲ್ಲೂ ಗಾಳಿ ತಿರುಗಿದೆ. 2021-22ರಲ್ಲಿ ಮೆಂಫಿಸ್ ಗ್ರಿಜ್ಲೀಸ್ ತಂಡ ಸ್ಟೀವನ್ ಆ್ಯಡಮ್ಸ್ ಎಂಬ ನ್ಯೂಜಿಲೆಂಡ್ ಆಟಗಾರನ ಬಲದಲ್ಲಿ ತನ್ನ ತಪ್ಪಿದ ಎಸೆತಗಳಿಗೆ ಮತ್ತೆ ನುಗ್ಗಿ ಗೆಲ್ಲತೊಡಗಿತು. ಉಳಿದ ತಂಡಗಳೂ ಹಿಂದಕ್ಕೆ ಓಡುವ ಮುನ್ನ ಎರಡು ಬಾರಿ ಯೋಚಿಸುತ್ತಿವೆ.

ನಮ್ಮಲ್ಲಿ ಯೋಚಿಸಲು ಬೇಕಾದ ಲೆಕ್ಕವೇ ಇಲ್ಲ. ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಅಂಕಕ್ಕೆ, ಫೌಲ್‌ಗೆ, ಟೈಮ್‌ಔಟ್‌ಗೆ ಜಾಗವಿದೆ, ರೀಬೌಂಡ್‌ಗೆ ಇಲ್ಲ. ಪಂದ್ಯ ಮುಗಿದ ಮೇಲೆ ‘ಹೈಟ್ ಸಾಲಲಿಲ್ಲ ಸರ್’ ಅನ್ನುವ ಕೋಚ್‌ನ ಬಳಿ ಅದಕ್ಕೆ ಆಧಾರವೂ ಇರುವುದಿಲ್ಲ. ಬೆಂಚಿನಲ್ಲಿ ಕೂತ ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ತಪ್ಪಿದ ಪ್ರತಿ ಎಸೆತ ಎಲ್ಲಿ ಬಿತ್ತು, ಯಾರು ಹಿಡಿದರು ಅಂತ ಎರಡು ಪಂದ್ಯ ಬರೆಸಿದರೆ ಸಾಕು. ಹೈಟ್ ಸಾಲಲಿಲ್ಲವೋ, ನಿಂತ ಜಾಗ ತಪ್ಪಿತೋ ತಿಳಿಯುತ್ತದೆ.